ಮಂಗಲ ಕಾರ್ಯಾಲಯದ ಮೇಲಿಂದ ಬಂದ ವೈರು

ಡೊಂಬಿವಲಿಯ ಆ ಮನೆಗೆ ಬೋರ್ಡ್ ಇರಲಿಲ್ಲ. ಹಳೆಯ ಕಟ್ಟಡವೊಂದರ ಗ್ರೌಂಡ್ ಫ್ಲೋರಿನ ಎರಡು ಫ್ಲ್ಯಾಟ್‌ಗಳ ನಡುವಿನ ಗೋಡೆ ಒಡೆದು ಒಂದು ಮಾಡಿದ್ದರು. ಕಟ್ಟಡದ ಸೊಸೈಟಿಯವರ ಪಾಲಿಗೆ ಅದು ಹೊಲಿಗೆ ಕ್ಲಾಸು. ಹೊಲಿಗೆ ಯಂತ್ರಗಳೂ ಇದ್ದವು, ಹಗಲೆಲ್ಲ ಅವುಗಳ ಸದ್ದು ಹೊರಗೆ ಕೇಳುತ್ತಿತ್ತು. ಒಳಗಿದ್ದವರು ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರು. ಬಾಗಿಲಿಗೆ ಕಬ್ಬಿಣದ ಗ್ರಿಲ್ ಇತ್ತು, ಅದರ ಬೀಗದ ಕೈ ನಡೆಸುವವರ ಸೊಂಟದಲ್ಲಿರುತ್ತಿತ್ತು.

ನಡೆಸುತ್ತಿದ್ದವರು ಉಡುಪಿ ಕಡೆಯವರು. ಗಂಡನಿಗೆ ಠಾಣೆ ಪಟ್ಟಣದಲ್ಲಿ ಹೋಟೆಲು. ಎಲ್ಲರಿಗೂ ಅವರು ಅಕ್ಕ, ನನಗೂ ಅಕ್ಕ. ನಾನು ಮೈಸೂರಿನವಳು. ಆಗ ಘೋಡಬಂದರ್ ರಸ್ತೆಯಲ್ಲಿ ಮನೆ, ಐರೋಲಿಯ ಕಂಪನಿಯೊಂದರಲ್ಲಿ ಕೆಲಸ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ಎಲ್ಲಿ ತೂತಿದೆ ಎಂದು ಹುಡುಕುವುದು ನನ್ನ ಕೆಲಸವಾಗಿತ್ತು. ಕನ್ನಡ ಸಂಘದ ಒಂದು ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಅಕ್ಕನ ಪರಿಚಯವಾಯಿತು. ಅವರಿಗೆ ಯಾವುದೋ ಆಫೀಸಿನವರು ಹಳೆಯ ಕಂಪ್ಯೂಟರ್ ದಾನ ಕೊಟ್ಟಿದ್ದರು. ಅದು ಆನ್ ಆಗುವುದರೊಳಗೆ ಅನ್ನ ಬೇಯುತ್ತದೆ ಎಂದು ಅವರು ಹೇಳಿದರು. ಮುಂದಿನ ಶನಿವಾರ ನಾನು ಹೋಗಿ ಅದರ ವೈರಸ್ ತೆಗೆದುಕೊಟ್ಟೆ.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಕಲ್ಯಾಣದ ರಾತ್ರಿ ಶಾಲೆಯವರು, ಕಳ್ವಾದಲ್ಲಿ ಬಡವರಿಗೆ ಔಷಧಿ ಹಂಚುವವರು, ದಿವಾದಲ್ಲಿ ಬಾಲವಾಡಿ ನಡೆಸುವವರು. ಎಲ್ಲರೂ ನಮ್ಮ ಭಾಷೆಯವರು, ಎಲ್ಲರ ಬಳಿಯೂ ದಾನವಾಗಿ ಬಂದ ಒಂದು ಕಂಪ್ಯೂಟರ್, ಎಲ್ಲರದೂ ಹೆಚ್ಚು ಕಡಿಮೆ ಅದೇ ಪ್ರಶ್ನೆ. ಪೆನ್‌ಡ್ರೈವಿನಿಂದ ವೈರಸ್ ಬಾರದ ಹಾಗೆ ಹೇಗೆ, ಕನ್ನಡದಲ್ಲಿ ಟೈಪ್ ಮಾಡುವುದು ಹೇಗೆ, ನೂರು ಜನರಿಗೆ ಮೇಲ್ ಕಳಿಸಿದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಹಾಗೆ ಹೇಗೆ. ಪ್ರತಿಯೊಬ್ಬರ ಬಳಿಗೂ ರೈಲು ಹತ್ತಿ ಹೋಗುವುದು ನನ್ನಿಂದ ಆಗುತ್ತಿರಲಿಲ್ಲ. ಹಾಗಾಗಿ ಪಾಡ್‌ಕಾಸ್ಟ್ ಮಾಡೋಣ ಎಂದೆ. ಧ್ವನಿ ಮುದ್ರಿಸಿ ಇಂಟರ್ನೆಟ್ಟಿಗೆ ಹಾಕುವುದು, ಬೇಕಾದವರು ಇಳಿಸಿಕೊಂಡು ಕೇಳುವುದು. ನಾನು ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಂಡು ಹೋಗಿದ್ದೆ.

"ಎಂತ ಮಾರಾಯ್ತಿ ಇದು?" ಎಂದರು ಅಕ್ಕ. "ಇಂಗ್ಲಿಷಲ್ಲಿ ಹೇಳಿದ್ರೆ ನಮ್ಮವರು ಕೇಳ್ಲಿಕ್ಕುಂಟಾ? ಕನ್ನಡದಲ್ಲೇ ಮಾಡುವ. ಇಲ್ಲಿ ಅಕ್ಕಪಕ್ಕದವರಿಗೂ ಅರ್ಥ ಆಗುದಿಲ್ಲ. ನಮ್ಮಂಥ ಮನೆಗೆ ಅದೂ ಒಳ್ಳೇದೇ."

ಆ ಮಾತು ನನಗೆ ಸರಿಯೆನಿಸಿತು. ಇಪ್ಪತ್ತು ಮೂವತ್ತು ವರ್ಷ ಮರಾಠಿ, ಹಿಂದಿಗಳ ನಡುವೆ ಬದುಕಿದವರಿಗೆ ಕನ್ನಡ ಒಂದು ಪರದೆಯಂತೆ ಇರುತ್ತದೆ. ತುಂಬಿದ ಲೋಕಲ್ ಟ್ರೈನಿನಲ್ಲಿ ನಾದಿನಿಯ ಮೇಲಿನ ಸಿಟ್ಟನ್ನೂ, ಡಾಕ್ಟರು ಹೇಳಿದ ಕಾಯಿಲೆಯ ಹೆಸರನ್ನೂ ನಾವು ಜೋರಾಗಿಯೇ ಮಾತಾಡಿಕೊಳ್ಳುತ್ತೇವೆ. ಸುತ್ತ ಇರುವವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯ. ಆ ಧೈರ್ಯದಲ್ಲೇ ನಮ್ಮ ಪಾಡ್‌ಕಾಸ್ಟ್ ಶುರುವಾಯಿತು.

ಮುದ್ರಿಸುತ್ತಿದ್ದುದು ಅಕ್ಕನ ಆಫೀಸು ಕೋಣೆಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ ಕರೆಂಟು ಹೋದಾಗ. ಆ ವರ್ಷಗಳಲ್ಲಿ ಕಲ್ಯಾಣ, ಡೊಂಬಿವಲಿಗಳಲ್ಲಿ ದಿನವೂ ಲೋಡ್ ಶೆಡ್ಡಿಂಗ್ ಇರುತ್ತಿತ್ತು. ಕರೆಂಟು ಹೋದರೆ ಫ್ಯಾನು, ಫ್ರಿಜ್ಜು, ಹೊಲಿಗೆ ಯಂತ್ರ ಎಲ್ಲ ನಿಲ್ಲುತ್ತವೆ. ನನ್ನ ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ನಡೆಯುತ್ತದೆ. ಬೆವರು ಒರೆಸಿಕೊಳ್ಳುತ್ತ ನಾವು ಮಾತಾಡುತ್ತಿದ್ದೆವು. ಇಂಟರ್ನೆಟ್ ಇಲ್ಲದವರಿಗೆ ಸಿಡಿ ಮಾಡಿ ಕನ್ನಡ ಸಂಘದ ಮೇಜಿನ ಮೇಲೆ ಇಡುತ್ತಿದ್ದೆವು. ಶನಿವಾರ ಸಂಜೆ, ಕರೆಂಟು ಇರುವ ಹೊತ್ತಿನಲ್ಲಿ, ಕೇಳಿದವರೆಲ್ಲ ಆನ್‌ಲೈನ್ ಚಾಟ್‌ಗೆ ಬಂದು ಪ್ರಶ್ನೆ ಹಾಕಬಹುದಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುತ್ತಿದ್ದೆವು. ಚಾಟ್‌ಗೆ ಅಕ್ಕ ಒಂದೇ ನಿಯಮ ಮಾಡಿದ್ದರು: ಗೊತ್ತಿದ್ದದ್ದನ್ನು ಪೂರ್ತಿ ಹೇಳಬೇಕು, ಅರ್ಧ ಹೇಳಿ ಬಿಡಬಾರದು.

ಆ ಮನೆಯಲ್ಲಿ ವಿಜಯಪುರದ ಕಡೆಯ ಒಬ್ಬ ಹೆಂಗಸು ಇದ್ದಳು. ವಯಸ್ಸು ಮೂವತ್ತರ ಒಳಗೆ. ಮದುವೆಯಾಗಿ ಕಲ್ಯಾಣಕ್ಕೆ ಬಂದವಳು. ಗಂಡ ಒಮ್ಮೆ ಬಾಗಿಲ ಸಂದಿಗೆ ಅವಳ ಎಡಗೈ ಇಟ್ಟು ಬಾಗಿಲು ಹಾಕಿದ್ದ. ಎರಡು ಬೆರಳು ಮತ್ತೆ ನೆಟ್ಟಗಾಗಿರಲಿಲ್ಲ. ಅವಳು ಓಡಿಬಂದ ದಿನ ಮಗಳು ಅಜ್ಜಿಯ ಜೊತೆ ಹೊರಗೆ ಹೋಗಿದ್ದರಿಂದ ಮಗು ಅಲ್ಲೇ ಉಳಿಯಿತು. ಮಗುವನ್ನು ತರಿಸಿಕೊಳ್ಳಲು ಅಕ್ಕ ವಕೀಲರ ಮೂಲಕ ಪ್ರಯತ್ನ ನಡೆಸಿದ್ದರು. ಅದು ಮುಗಿಯುವವರೆಗೆ ಅವಳಿರುವ ಜಾಗ ಗಂಡನಿಗೆ ಗೊತ್ತಾಗಬಾರದು. ಸಿಕ್ಕರೆ ಕೊಲ್ಲುತ್ತಾನೆ ಎಂದು ಅವಳು ಹೇಳಿದ್ದಳು. ಅಳುತ್ತ ಹೇಳಲಿಲ್ಲ, ರೈಲಿನ ಸಮಯ ಹೇಳುವ ಹಾಗೆ ಹೇಳಿದಳು.

ಅವಳು ಪಿಯುಸಿ ಓದಿದ್ದಳು. ಎಡಗೈಯಲ್ಲಿ ಉಳಿದ ಮೂರೇ ಬೆರಳು ಬಳಸಿಯೂ ಬೇಗ ಟೈಪ್ ಮಾಡಲು ಕಲಿತಳು. ಮನೆಯ ಕಂಪ್ಯೂಟರಿನಲ್ಲಿದ್ದ ಎಲ್ಲರ ಹೆಸರನ್ನೂ ತೆಗೆದು ಸಂಖ್ಯೆ ಹಾಕಿ, ಫೈಲುಗಳಿಗೆ ಪಾಸ್‌ವರ್ಡ್ ಇಟ್ಟವಳು ಅವಳೇ. ಬೇರೆ ಸಂಸ್ಥೆಗಳಿಗೂ ಇದು ತಿಳಿಯಬೇಕು, ಅವಳ ಬಾಯಿಂದಲೇ ಹೇಳಿಸೋಣ ಎಂದು ಅಕ್ಕ ಅಂದರು.

"ನನ್ನ ದನಿ ಯಾರರ ಗುರುತ ಹಿಡಿದ್ರ ಏನ್ ಮಾಡೂದ್ರಿ?" ಎಂದು ಅವಳು ಕೇಳಿದಳು.

"ಕಂಪ್ಯೂಟರಲ್ಲಿ ದನಿ ಬದಲಾಯಿಸ್ತೀನಿ," ಎಂದೆ. "ನಿಮ್ಮ ತಾಯಿಗೂ ಗೊತ್ತಾಗಲ್ಲ."

"ನಮ್ಮವ್ವ ಸತ್ತು ಹೋಗ್ಯಾಳ್ರಿ. ಆಕಿಗೆ ಗೊತ್ತಾದ್ರ ಚಿಂತಿಲ್ಲ. ಉಳದಾವ್ರು ಅದಾರಲ್ರಿ."

ಅಕ್ಕ ನಕ್ಕರು, ಅವಳೂ ನಕ್ಕಳು. ಮುದ್ರಣವಾಯಿತು. ನಾನು ಅವಳ ದನಿಯನ್ನು ತಗ್ಗಿಸಿ, ದಪ್ಪ ಮಾಡಿ ಕೇಳಿಸಿದೆ. "ಅಯ್ಯ, ನಮ್ಮ ಮಾವನಂಗ ಆಗೇತ್ರಿ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಒಂದು ಕ್ಷಣ ಬಿಟ್ಟು ನಗು ನಿಲ್ಲಿಸಿ, "ಸಾಕ್ರಿ, ಬಂದ್ ಮಾಡ್ರಿ," ಎಂದಳು. ಊರಿನ ಹೆಸರು ಬಂದ ಎರಡು ಕಡೆ ಕತ್ತರಿಸಿದೆ. ಕಲ್ಯಾಣ ಎಂಬ ಮಾತು ಬಂದಲ್ಲೂ ಕತ್ತರಿಸಿದೆ. ಅವಳಿಗೆ ಒಂದು ಅಭ್ಯಾಸವಿತ್ತು. ಏನೇ ಕೇಳಿದರೂ ಮೊದಲು ಆ ಪ್ರಶ್ನೆಯನ್ನು ತನಗೆ ತಾನೇ ಮೆಲ್ಲಗೆ ಒಮ್ಮೆ ಹೇಳಿಕೊಂಡು, ಆಮೇಲೆ ಉತ್ತರ ಕೊಡುತ್ತಿದ್ದಳು. ಕೇಳುವವರಿಗೆ ಪ್ರಶ್ನೆ ಎರಡು ಸಲ ಸಿಗುತ್ತದೆ, ಅನುಕೂಲವೇ ಆಯಿತು ಎಂದು ಅದನ್ನು ಹಾಗೇ ಬಿಟ್ಟೆ.

ಆ ಕಂತನ್ನು ಜನ ಮೆಚ್ಚಿಕೊಂಡರು. ಸಂಘದ ಮೇಜಿನ ಮೇಲಿಟ್ಟ ಸಿಡಿಗಳೆಲ್ಲ ಖಾಲಿಯಾದವು.

ಅದಾಗಿ ಒಂದೆರಡು ವಾರಕ್ಕೆ ಶನಿವಾರದ ಚಾಟ್‌ಗೆ ಹೊಸಬನೊಬ್ಬ ಬಂದ. ಕಲ್ಯಾಣದಲ್ಲಿ ಸಣ್ಣ ಶಾಲೆ ನಡೆಸುತ್ತೇನೆ ಎಂದು ಹೇಳಿಕೊಂಡ. ಬರೆಯುವುದರಲ್ಲಿ ಬಹಳ ವಿನಯ. ಅವನ ಮೊದಲ ಪ್ರಶ್ನೆ, "ನಮ್ಮ ಕಡೆ ಲೈಟ್ ಭಾಳ ಹೋಗತಾವರಿ. ಕಂಪ್ಯೂಟರಿಗೆ ಎಂಥಾ ಇನ್ವರ್ಟರ್ ತೊಗೋಬೇಕು?"

ಅಕ್ಕ ಅದಕ್ಕೆ ನಿಯಮದಂತೆ ಪೂರ್ತಿ ಉತ್ತರ ಕೊಟ್ಟರು. ಕರೆಂಟು ಎಷ್ಟು ಹೊತ್ತು ಹೋಗುತ್ತದೆ ಎಂಬುದರ ಮೇಲೆ ಅದು ಉಂಟು, ನಮ್ಮದು ಬೆಳಿಗ್ಗೆ ಅಡುಗೆಯ ಹೊತ್ತಿಗೆ ಒಮ್ಮೆ, ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ ಹೋಗುತ್ತದೆ, ಶುಕ್ರವಾರ ರಿಪೇರಿ ಅಂತ ಇಡೀ ದಿನ ಇರುವುದಿಲ್ಲ, ಅದಕ್ಕೆ ನಾವು ಇಂಥ ಬ್ಯಾಟರಿ ಇಟ್ಟಿದ್ದೇವೆ ಎಂದು ಬರೆದರು. ನಾನು ಪಕ್ಕದಲ್ಲೇ ಕುಳಿತಿದ್ದೆ. ಅಕ್ಕನಿಗೆ ಟೈಪಿಂಗ್ ನಿಧಾನ, ಉದ್ದದ ಉತ್ತರಗಳನ್ನು ಅವರು ಹೇಳಿದಂತೆ ನಾನು ಟೈಪ್ ಮಾಡುತ್ತಿದ್ದೆ.

ಮುಂದಿನ ವಾರ ಅವನು ಇಂಟರ್ನೆಟ್ ಬಗ್ಗೆ ಕೇಳಿದ. ಟೆಲಿಫೋನ್ ಕಂಪನಿಯದು ಒಳ್ಳೆಯದೋ, ಗಲ್ಲಿಯ ಕೇಬಲ್‌ವಾಲಾ ಕೊಡುವುದು ಒಳ್ಳೆಯದೋ? ಕೇಬಲ್‌ವಾಲಾನದು ಅಗ್ಗ, ಆದರೆ ತಲೆನೋವು ಎಂದರು ಅಕ್ಕ. "ನಮ್ಮವನು ವೈರನ್ನು ಮಂಗಲ ಕಾರ್ಯಾಲಯದ ಟೆರೇಸಿನ ಮೇಲಿಂದ ಎಳ್ದಿದ್ದಾನೆ. ಮದುವೆ ಸೀಸನಲ್ಲಿ ಪೆಂಡಾಲಿನವರು ಬಂದು ಕಿತ್ತು ಹಾಕ್ತಾರೆ. ಮದುವೆ ಅವರಿಗೆ, ನೆಟ್ ಇಲ್ಲದ್ದು ನಮಗೆ." ಚಾಟ್‌ನಲ್ಲಿದ್ದವರೆಲ್ಲ ನಗುವಿನ ಚಿಹ್ನೆ ಹಾಕಿದರು. ಅವನೂ ಹಾಕಿದ.

ಅದರ ಮುಂದಿನ ವಾರ, ಮಳೆಗಾಲದಲ್ಲಿ ಕಂಪ್ಯೂಟರನ್ನು ಹೇಗೆ ಕಾಪಾಡುತ್ತೀರಿ ಎಂದು ಕೇಳಿದ. ಗ್ರೌಂಡ್ ಫ್ಲೋರು, ಹಿಂದೆ ನಾಲೆ ಇರುವುದರಿಂದ ನೀರು ಒಳಗೆ ಬರುತ್ತದೆ, ಅದಕ್ಕೇ ಕಂಪ್ಯೂಟರನ್ನು ಹಳೆಯ ಹೊಲಿಗೆ ಯಂತ್ರದ ಮೇಜಿನ ಮೇಲೆ ಏರಿಸಿ ಇಟ್ಟಿದ್ದೇವೆ ಎಂದು ಅಕ್ಕ ಹೇಳಿದರು, ನಾನು ಟೈಪ್ ಮಾಡಿದೆ. "ಭಾಳ ಉಪಕಾರ ಆತ್ರಿ ಅಕ್ಕಾರ," ಎಂದು ಬರೆದು ಅವನು ಹೋದ. ಇನ್ನೊಂದು ವಾರ ಅವನು ಬರಲಿಲ್ಲ. ಶಾಲೆಯವನು ಇವತ್ತು ಕಾಣುವುದಿಲ್ಲವಲ್ಲ ಎಂದು ಅಕ್ಕ ವಿಚಾರಿಸಿಕೊಂಡರು.

ಅವನು ಬಂದದ್ದು ಅದರ ನಂತರದ ಶನಿವಾರ, ಮನೆ ಬಾಗಿಲಿಗೆ. ನಾನು ಚಾಟ್‌ಗಾಗಿ ಸ್ವಲ್ಪ ಮುಂಚೆಯೇ ಬಂದಿದ್ದೆ. ಬೆಲ್ಲಾಯಿತು. ಅಕ್ಕ ಒಳಬಾಗಿಲು ತೆರೆದು ಗ್ರಿಲ್ಲಿನ ಈಚೆ ನಿಂತರು. ಹೊರಗೆ ಇಸ್ತ್ರಿ ಮಾಡಿದ ಅಂಗಿ ಹಾಕಿದ ಒಬ್ಬ ಗಂಡಸು, ಒಬ್ಬ ಮುದುಕಿ, ಅವಳ ಕೈ ಹಿಡಿದ ಒಂದು ಹೆಣ್ಣು ಮಗು, ಹಿಂದೆ ಹಿರಿಯರ ಹಾಗೆ ಕಾಣುವ ಇಬ್ಬರು ಗಂಡಸರು.

"ನಮಸ್ಕಾರ್ರಿ ಅಕ್ಕಾರ. ಶಾಲಿ ನಡಸಾಂವ ಬಂದೀನ್ರಿ."

ಅಕ್ಕನ ಮುಖ ಅರಳಿತು. ಅದನ್ನು ನಾನು ನೋಡಿದೆ. "ಓಹೋ, ನೀವಾ! ಕಳೆದ ವಾರ ಇರ್ಲೇ ಇಲ್ಲ ಮಾರಾಯ್ರೆ," ಎಂದು ಸೊಂಟದ ಬೀಗದ ಕೈಗೆ ಕೈಹಾಕಿದವರು ಹಾಗೇ ನಿಂತರು. "ವಿಳಾಸ ಯಾರು ಕೊಟ್ಟದ್ದು ನಿಮ್ಗೆ?"

"ನೀವೇ ಕೊಟ್ಟೀರಲ್ರಿ," ಎಂದ. ದನಿ ಏರಿಸಲಿಲ್ಲ. "ನನ್ನ ಕೆಲಸನೇ ಇನ್ವರ್ಟರ್ ಹಾಕೂದ್ರಿ. ಯಾವ ಭಾಗದಾಗ ಯಾವಾಗ ಲೈಟ್ ಹೋಗತಾವ ಅಂತ ನನಗ ಗೊತ್ತಿರಲಿಕ್ಕಂದ್ರ ಯಾರಿಗೆ ಗೊತ್ತಿರಬೇಕ್ರಿ? ನೀವು ಹೇಳಿದ ಟೈಮ್ ಡೊಂಬಿವಲ್ಯಾಗ ಒಂದ ಕಡೆ ಅದ. ಆಮ್ಯಾಲ ಮಂಗಲ ಕಾರ್ಯಾಲಯ, ಹಿಂದ ನಾಲಾ, ಒಳಗ ಹೊಲಿಗಿ ಮಷಿನ್. ಸಾಕಾತ್ರಿ. ಚಲೋ ತಿಳಿಸಿ ಹೇಳತೀರಿ ನೀವು. ಈಗ ನನ್ನ ಹೆಂಡ್ತಿನ ಕರೀರಿ."

ಅಕ್ಕ ಗ್ರಿಲ್ಲಿನ ಸರಳು ಹಿಡಿದುಕೊಂಡರು. ಇಲ್ಲಿ ಅಂಥವರು ಯಾರೂ ಇಲ್ಲ, ಇದು ಹೊಲಿಗೆ ಕ್ಲಾಸು ಎಂದರು.

"ಸಿಡಿ ಸಂಘದಿಂದ ನಮ್ಮ ವೈನಿ ತಂದಿದ್ಲು. ದನಿ ಗಂಡಸಿನಂಗ ಮಾಡೀರಿ, ಖರೆ. ಆದ್ರ ಕೇಳಿದ್ದನ್ನ ಒಮ್ಮಿ ತಾನ ಅಂದ್ಕೊಂಡು ಮಾತಾಡಾಕಿ ನಮ್ಮ ಮನ್ಯಾಗ ಒಬ್ಬಾಕಿನ ಇದ್ಲು. ಅದನ್ನ ಹೆಂಗ ಬದಲಿ ಮಾಡ್ತೀರಿ?"

ವೈನಿ ಎಂದರೆ ಅವನ ಅತ್ತಿಗೆ. ಠಾಣೆ ಜಿಲ್ಲೆಯ ಲಕ್ಷಾಂತರ ಜನರಲ್ಲಿ ನಮ್ಮ ಮಾತು ಅರ್ಥವಾಗುವವರು ಕೆಲವೇ ಮಂದಿ, ಅದರಲ್ಲಿ ಸಿಡಿ ಒಯ್ದು ಕೂತು ಕೇಳುವವರು ಇನ್ನೂ ಕಡಿಮೆ. ಅವಳನ್ನು ಬಲ್ಲವರೆಲ್ಲ ಆ ಕೆಲವರಲ್ಲೇ ಇದ್ದರು. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಾಡಿದ್ದರೆ ಆ ಕಂತು ಎಲ್ಲರಿಗೂ ಅರ್ಥವಾಗುತ್ತಿತ್ತು, ಅವನ ಮನೆಗೆ ಮಾತ್ರ ಬಹುಶಃ ತಲುಪುತ್ತಿರಲಿಲ್ಲ. ಇದು ಆ ಹೊತ್ತಿಗೆ ಹೊಳೆದದ್ದಲ್ಲ. ಆಗ ನಾನು ಮೊಬೈಲ್ ತೆಗೆದು ಪೊಲೀಸ್ ಚೌಕಿಗೆ ಫೋನ್ ಮಾಡುತ್ತಿದ್ದೆ.

ಮುದುಕಿ ಮಗುವಿನ ಬೆನ್ನಿಗೆ ತಿವಿದಳು. ಮಗು ಒಳಗೆ ನೋಡುತ್ತ ಕೂಗಿತು. "ಮಮ್ಮೀ! ಚಲ್ ನಾ ಘರೀ! ಮಮ್ಮೀ!" ಕನ್ನಡದ ಮನೆಯ ಮಗು, ಮನೆಗೆ ಬಾ ಎಂದು ಕರೆದದ್ದು ಮರಾಠಿಯಲ್ಲಿ. ಅಡುಗೆಮನೆಯಲ್ಲಿ ಪಾತ್ರೆಯೊಂದು ಕೆಳಗೆ ಬಿತ್ತು. ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು.

ಅವಳು ಅಡುಗೆಮನೆಯಿಂದ ಹೊರಗೆ ಬಂದಳು. ಕೈ ಒದ್ದೆಯಿತ್ತು.

"ಒಳಗೆ ಹೋಗು," ಎಂದರು ಅಕ್ಕ, ತಿರುಗಿ ನೋಡದೆ. "ಹೋಗು ಅಂದೆ ಅಲ್ವಾ ನಾನು?"

ಅವನು ಅವಳನ್ನು ನೋಡಲೂ ಇಲ್ಲ. ಅಕ್ಕನ ಹತ್ತಿರವೇ ಮಾತಾಡಿದ. "ನಾ ಜಗಳ ಮಾಡಾಕ ಬಂದಿಲ್ರಿ. ಹಿರ್‍ಯಾರನ್ನ ಕರಕೊಂಡು ಬಂದೀನಿ. ಬರಲಿಲ್ಲಂದ್ರ ನಾಳೆ ಮತ್ತ ಬರ್ತೀನಿ. ಇಲ್ಲಿ ಇನ್ನಾ ಮಂದಿ ಅದಾರಲ್ರಿ, ಅವ್ರ ಮನ್ಯಾವ್ರೂ ಹುಡಕ್ಯಾಡಾಕತ್ತಿರಬೇಕು. ಮನಿ ತೋರಸೂದು ಏನ್ ದೊಡ್ಡ ಮಾತ್ರಿ?"

ಹೊಲಿಗೆ ಕೋಣೆಯ ಬಾಗಿಲಲ್ಲಿ ಆಗಲೇ ನಾಲ್ಕೈದು ಹೆಂಗಸರು ನಿಂತಿದ್ದರು. ಅದನ್ನು ಕನ್ನಡದಲ್ಲಿ ಹೇಳಿದ್ದರಿಂದ ಅವರಲ್ಲಿ ಹೆಚ್ಚಿನವರಿಗೆ ಅರ್ಥವಾಗಲಿಲ್ಲ. ಅವಳಿಗೆ ಅರ್ಥವಾಯಿತು. ಅವಳು ತಿರುಗಿ ಅವರನ್ನು ನೋಡಿದಳು, ಆಮೇಲೆ ಮಗುವನ್ನು ನೋಡಿದಳು.

"ಮನಿ ತೋರಸೂದು," ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ, "ಹೋಗ್ತೀನ್ರಿ ಅಕ್ಕಾರ," ಎಂದಳು.

"ಹುಚ್ಚಾ ನಿಂಗೆ? ಪೊಲೀಸ್ ಬರ್ತಾ ಇದ್ದಾರೆ. ನಿಲ್ಲು."

"ಪೊಲೀಸರು ಇವತ್ತ ಬರ್ತಾರ್ರಿ. ದಿನಾ ಬರ್ತಾರೇನ್ರಿ?"

ಕಾನ್‌ಸ್ಟೇಬಲ್ ಬಂದ. ವಯಸ್ಸಾದವನು, ಕೆಟ್ಟವನಲ್ಲ. ಅವಳನ್ನು ಪಕ್ಕಕ್ಕೆ ಕರೆದು ಎರಡು ಸಲ ಕೇಳಿದ, ಯಾರಾದರೂ ಹೆದರಿಸಿದರೇ ಎಂದು. ಅವಳು ಇಲ್ಲವೆಂದಳು, ಮಗಳಿಗಾಗಿ ಹೋಗುತ್ತಿದ್ದೇನೆ ಎಂದಳು. ಬಾಗಿಲ ಸಂದಿಯ ವಿಷಯ ನಾನು ಹೇಳಿದೆ. ಅವನು ಅವಳ ಬೆರಳುಗಳನ್ನು ನೋಡಿದ, ಅವಳ ಮುಖ ನೋಡಿದ. "ತ್ಯಾ ಸ್ವತಃಹೂನ್ ಜಾತಾಯತ್ ಮ್ಯಾಡಮ್, ಆಮ್ಹೀ ಕಾಯ್ ಕರ್ಣಾರ್?" ಎಂದ. ಅವರೇ ತಾವಾಗಿ ಹೋಗುತ್ತಿದ್ದಾರೆ, ನಾವೇನು ಮಾಡುವುದು ಎಂದು.

ಅವಳು ಒಂದು ಪ್ಲಾಸ್ಟಿಕ್ ಚೀಲ ತಂದಳು. ಅಕ್ಕ ಬೀಗ ತೆರೆಯಲಿಲ್ಲ. ಅವಳೇ ಅಕ್ಕನ ಸೊಂಟದಿಂದ ಬೀಗದ ಕೈ ತೆಗೆದುಕೊಂಡು ತೆರೆದಳು, ಹೊರಗೆ ದಾಟಿ ಮತ್ತೆ ಬೀಗ ಹಾಕಿ, ಸರಳಿನ ನಡುವಿನಿಂದ ಬೀಗದ ಕೈಯನ್ನು ಅಕ್ಕನ ಕೈಗೆ ಕೊಟ್ಟಳು. ಮಗು ಓಡಿ ಬಂದು ಅವಳ ಸೀರೆ ಹಿಡಿಯಿತು. ಗೇಟಿನಾಚೆ ಎರಡು ರಿಕ್ಷಾ ಕಾಯುತ್ತಿದ್ದವು. ಅವನು ಮೊದಲನೆಯದರಲ್ಲಿ ಅವಳ ಪಕ್ಕ ಕುಳಿತ, ಮಗುವನ್ನು ಎರಡನೆಯದರಲ್ಲಿ ಮುದುಕಿಯ ಜೊತೆ ಕೂರಿಸಿದ. ಮಗು ಅಳತೊಡಗಿದ್ದು ಆಗ.

ಉಳಿದ ಹೆಂಗಸರನ್ನು ಮರುದಿನ ಹಗಲಿನಲ್ಲೇ, ಇಬ್ಬಿಬ್ಬರನ್ನಾಗಿ, ಬೇರೆ ಕಡೆಗೆ ಸೇರಿಸಿದೆವು. ಎಲ್ಲಿಗೆ ಎಂದು ಈಗಲೂ ಬರೆಯುವುದಿಲ್ಲ. ಹೊರಡುವ ಮುಂಚೆ ಒಬ್ಬಾಕೆ ಹಿಂದಿಯಲ್ಲಿ ಕೇಳಿದಳು, "ನಮ್ಮ ಬಗ್ಗೆಯೂ ಕಂಪ್ಯೂಟರಿನಲ್ಲಿ ಏನಾದರೂ ಹೇಳಿದ್ದೀರಾ?" ಇಲ್ಲ ಎಂದೆ. ಅವಳು ನಂಬಿದಳೋ ಇಲ್ಲವೋ ತಿಳಿಯದು. ಹೊಸ ಮನೆಯಲ್ಲಿ ಅವರು ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಮೂಲೆಗಿಟ್ಟರು. ಇಂಟರ್ನೆಟ್ ಲೈನ್ ಬೇಡ ಎಂದರು. ನಾನು ಒತ್ತಾಯ ಮಾಡಲಿಲ್ಲ.

ಆ ಕಂತನ್ನು ಅದೇ ದಿನ ಅಳಿಸಿದೆ. ಚಾಟ್ ಮುಚ್ಚಿದೆ. ಮುಚ್ಚುವ ಮುಂಚೆ ಅಕ್ಕ ಆ ವಾರಗಳ ಮಾತನ್ನೆಲ್ಲ ಒಮ್ಮೆ ತೋರಿಸು ಎಂದರು. ಕನ್ನಡಕ ಹಾಕಿಕೊಂಡು, ಪರದೆಯ ಮೇಲೆ ಬೆರಳಿಟ್ಟು, ಒಂದೊಂದು ಸಾಲನ್ನೂ ಓದಿದರು. "ಇದ್ರಲ್ಲಿ ಸುಳ್ಳು ಒಂದೂ ಇಲ್ಲ ನೋಡು," ಎಂದರು. ಸಿಡಿಗಳನ್ನು ವಾಪಸು ಕೇಳಿ ಸಂಘದಲ್ಲಿ ಚೀಟಿ ಹಚ್ಚಿದೆವು. ಕೆಲವರು ತಂದುಕೊಟ್ಟರು. ಕೆಲವರು, ಅಯ್ಯೋ, ನಾವು ಕಾಪಿ ಮಾಡಿ ಊರಿಗೂ ಕಳಿಸಿದ್ದೇವೆ, ಅಷ್ಟು ಉಪಯೋಗ ಆಯಿತು ಎಂದರು. ಕಾಪಿ ಮಾಡುವುದು ಹೇಗೆ ಎಂದು ಅವರಿಗೆ ಕಲಿಸಿದ್ದೂ ನಾವೇ.

ವಕೀಲರ ಕಡತದಲ್ಲಿ ಅವಳ ಗಂಡನ ಮನೆಯ ಫೋನ್ ನಂಬರ್ ಇತ್ತು. ಒಂದೆರಡು ತಿಂಗಳು ಅಕ್ಕ ಅದನ್ನು ಮುಟ್ಟಲಿಲ್ಲ. ನಾವು ಫೋನ್ ಮಾಡಿದ್ದು ಗೊತ್ತಾದರೆ ಅವಳಿಗೆ ಪೆಟ್ಟು ಬೀಳುತ್ತದೆ ಎಂಬ ಹೆದರಿಕೆ. ಕೊನೆಗೆ ಒಂದು ಮಧ್ಯಾಹ್ನ, ಅವನು ಕೆಲಸಕ್ಕೆ ಹೋಗಿರುವ ಹೊತ್ತು ನೋಡಿ, ಠಾಣೆ ರೈಲ್ವೆ ಸ್ಟೇಷನ್ನಿನ ಹೊರಗಿನ ಪಿಸಿಓ ಬೂತಿನಿಂದ ಮಾಡಿದರು. ನಾನು ಜೊತೆಗಿದ್ದೆ. ರಿಂಗ್ ಆಗುತ್ತಿದ್ದದ್ದು ನನಗೂ ಕೇಳುತ್ತಿತ್ತು. ಯಾರೋ ಎತ್ತಿದರು.

"ನಾನು, ಅಕ್ಕ," ಎಂದರು ಅಕ್ಕ, ಬಹಳ ಮೆಲ್ಲಗೆ.

ಆ ಕಡೆ ಒಂದು ಹೆಂಗಸಿನ ದನಿ, "ಅಕ್ಕ," ಎಂದು ತನಗೆ ತಾನೇ ಮೆಲ್ಲಗೆ ಹೇಳಿಕೊಂಡಿತು. ಆಮೇಲೆ ಹಿಂದಿಯಲ್ಲಿ, "ರಾಂಗ್ ನಂಬರ್ ಹೈ," ಎಂದು ಕೇಳಿತು. ಆ ಕಡೆಯಿಂದ ಫೋನ್ ಇಟ್ಟರು.

ಅಕ್ಕ ರಿಸೀವರನ್ನು ಕೈಯಲ್ಲೇ ಹಿಡಿದುಕೊಂಡು ನಿಂತರು. ಫೋನಿಗಾಗಿ ಹಿಂದೆ ಕಾಯುತ್ತಿದ್ದವನು, "ಚಲೋ ಆಂಟಿ, ಜಲ್ದಿ," ಎಂದ. ಅವರು ಸರಿದು ಜಾಗ ಬಿಟ್ಟರು.

"ಅವಳೇ," ಎಂದರು. "ಇದ್ದಾಳೆ."

ಇನ್ನೊಮ್ಮೆ ಮಾಡೋಣವೇ ಎಂದು ನಾನು ಕೇಳಿದೆ. ಅಕ್ಕ ತಲೆಯಲ್ಲಾಡಿಸಿದರು. ಒಂದು ಸಲ ಬಂದದ್ದು ರಾಂಗ್ ನಂಬರ್ ಆಗುತ್ತದೆ, ಎರಡನೆಯ ಸಲವೂ ಬಂದರೆ ಆ ಮನೆಯಲ್ಲಿ ಯಾರಾದರೂ ಕೇಳುತ್ತಾರೆ ಎಂದರು. ಆ ನಂಬರಿಗೆ ನಾವು ಮತ್ತೆ ಫೋನ್ ಮಾಡಲಿಲ್ಲ.